ಹಳೇ ವಸ್ತು, ಹಳೇ ಕಥೆ – ಭಾಗ 7: ಆ್ಯನಿಯ ಪೆಟ್ಟಿಗೆ

ಡಾರ್ವಿನ್ ಅಂದ್ರೆ ನಮಗೆಲ್ಲ ನೆನಪಾಗೋದು ಉದ್ದ ಗಡ್ಡ, ಮಂಗ, ಹೈಸ್ಕೂಲಿನ ವಿಜ್ಞಾನ ಪುಸ್ತಕ. ಇವತ್ತಿನ ಕಥೆ ಅವರ ಮಗಳು ಆ್ಯನಿಯದ್ದು.

ಆ್ಯನಿ ಹುಟ್ಟಿದ್ದು 1841ರಲ್ಲಿ. ಒಂಬತ್ತು ವರ್ಷ ಆಗೋ ಹೊತ್ತಿಗೆ ಆರೋಗ್ಯ ಕೆಡೋಕೆ ಶುರುವಾಯ್ತು. 1851ರ ಮಾರ್ಚ್‌ನಲ್ಲಿ ಡಾರ್ವಿನ್ ಅವಳನ್ನ ಇಂಗ್ಲೆಂಡಿನ ಮಾಲ್ವರ್ನ್ ಊರಿಗೆ ತಣ್ಣೀರು ಚಿಕಿತ್ಸೆಗೆ ಕರ್ಕೊಂಡು ಹೋದ್ರು. ತಾಯಿ ಎಮ್ಮಾ ತುಂಬು ಗರ್ಭಿಣಿ, ಹೋಗೋ ಹಾಗಿರಲಿಲ್ಲ. ಕಾಯಿಲೆ ಜೋರಾದಾಗ ಡಾರ್ವಿನ್ ಮಗಳ ಹಾಸಿಗೆ ಪಕ್ಕದಿಂದಲೇ ಹೆಂಡತಿಗೆ ಪತ್ರ ಬರೀತಿದ್ರು. ಆಗ ಫೋನಿಲ್ಲ. ಎಮ್ಮಾ ಓದೋ ಹೊತ್ತಿಗೆ ಆ ಸುದ್ದಿ ಹಳೇದಾಗಿರೋದು.

ಏಪ್ರಿಲ್ 23ಕ್ಕೆ ಆ್ಯನಿ ತೀರಿಕೊಂಡಳು. ವಯಸ್ಸು 10. ಕ್ಷಯ ಇರಬಹುದು ಅಂತಾರೆ ಇತಿಹಾಸಕಾರರು. ಡಾರ್ವಿನ್ ಅಂತ್ಯಸಂಸ್ಕಾರಕ್ಕೂ ನಿಲ್ಲದೆ ಎಮ್ಮಾ ಹತ್ರ ವಾಪಸ್ ಹೋದ್ರು.

ಒಂದು ವಾರದಲ್ಲಿ ಡಾರ್ವಿನ್ ಮಗಳ ಬಗ್ಗೆ ನೆನಪಿದ್ದಿದ್ದನ್ನೆಲ್ಲ ಬರೆದಿಟ್ರು. ಎಮ್ಮಾ ಮಾಡಿದ್ದು ಬೇರೆ. ಆ್ಯನಿ ಪತ್ರ ಬರೆಯೋಕೆ ಬಳಸ್ತಿದ್ದ ಪುಟ್ಟ ಪೆಟ್ಟಿಗೆನ ಎತ್ತಿಟ್ಕೊಂಡ್ರು. ಒಳಗೆ ಗರಿ ಲೇಖನಿ, ಕಾಗದ, ಅರಗು. ಜೊತೆಗೆ ಆ್ಯನಿಯ ಒಂದು ಎಳೆ ಕೂದಲು. ಕಾಯಿಲೆ ದಿನಗಳಲ್ಲಿ ಇವತ್ತು ಹೇಗಿದ್ದಾಳೆ, ಏನು ಚಿಕಿತ್ಸೆ ಅಂತ ಡಾರ್ವಿನ್ ಬರೆದಿಟ್ಟ ಟಿಪ್ಪಣಿಯೂ ಅದರೊಳಗೇ ಸೇರಿತು.

ನಾವು ಬಿಕಾಂನವರು ಲೆಕ್ಕ ಹಾಕಿದ್ರೆ ಈ ಪೆಟ್ಟಿಗೆಯ ಪುಸ್ತಕ ಬೆಲೆ ಸೊನ್ನೆ. ವರ್ಷಾವರ್ಷ ಸವಕಳಿ ಕಳೆದು ಯಾವತ್ತೋ ರೈಟ್ ಆಫ್ ಆಗಿರೋದು. ಆದ್ರೆ ಎಮ್ಮಾ ಬದುಕಿದ್ದು 1896ರವರೆಗೆ. ಅಂದ್ರೆ ಇನ್ನೂ 45 ವರ್ಷ ಪೆಟ್ಟಿಗೆ ಉಳೀತು. ತಾತನಿಗೆ ಹುಷಾರಿಲ್ಲದಾಗ ಆಸ್ಪತ್ರೆಗೆ ಗಂಜಿ ಒಯ್ತಿದ್ದ ಸ್ಟೀಲ್ ಡಬ್ಬಿನ ನಮ್ಮಜ್ಜಿ ಇನ್ನೂ ಇಟ್ಕೊಂಡಿದ್ದಾರೆ. ಅದರಲ್ಲಿ ಏನೂ ತುಂಬಲ್ಲ, ಯಾರಿಗೂ ಕೊಡಲ್ಲ. ಇದೂ ಅದೇ ಲೆಕ್ಕ.

ಡಾರ್ವಿನ್ ಮರಿಮೊಮ್ಮಗನ ಮಗ ರ‍್ಯಾಂಡಲ್ ಕೇನ್ಸ್ ಕೈಗೆ ಆ ಪೆಟ್ಟಿಗೆ ಸಿಕ್ತು. ಅದನ್ನ ಹಿಡಿದು ಅವರು 2001ರಲ್ಲಿ ಒಂದು ಪುಸ್ತಕಾನೇ ಬರೆದ್ರು. ಜಗತ್ತಿಗೆ ಗೊತ್ತಿದ್ದ ವಿಜ್ಞಾನಿಯ ಒಳಗಿದ್ದ ಅಪ್ಪ ಆಗ ಓದುಗರಿಗೆ ಕಂಡ.

ಗಮನಿಸಿ, ಪೆಟ್ಟಿಗೆ ಒಂದೇ ಉಳಿದಿದ್ರೆ ಯಾರದ್ದೋ ಹಳೇ ಸಾಮಾನು ಆಗ್ತಿತ್ತು. ಒಳಗೆ ಚೀಟಿ ಇತ್ತು, ಅದಕ್ಕೆ ಕಥೆ ಉಳೀತು. ನಿಮ್ಮ ಮನೆ ಅಟ್ಟದಲ್ಲೂ ಇಂಥದ್ದೊಂದು ಇರುತ್ತೆ. ಹಬ್ಬದ ಕ್ಲೀನಿಂಗಲ್ಲಿ ಗುಜರಿಗೆ ಹಾಕೋ ಮುಂಚೆ ಹಿರಿಯರನ್ನ ಕೇಳಿ. ಅವರು ಹೇಳಿದ್ದನ್ನ ನಾಲ್ಕು ಸಾಲು ಬರೆದು ಅದರೊಳಗೇ ಇಡಿ.