ಹುತ್ತದ ಮಣ್ಣಿನಿಂದ ಎದ್ದ ಶಾಲೆಗಳು

1980ರ ಏಪ್ರಿಲ್ 18ರಂದು ರೊಡೇಷಿಯಾ ಎಂಬ ದೇಶ ಜಿಂಬಾಬ್ವೆಯಾಯಿತು. ಹಲವು ವರ್ಷಗಳ ಯುದ್ಧ ಅಷ್ಟು ಹೊತ್ತಿಗೆ ನಿಂತಿತ್ತು. ಮೊಜಾಂಬಿಕ್, ಜಾಂಬಿಯಾ ಮತ್ತು ಬೋಟ್ಸ್ವಾನಾದ ಶಿಬಿರಗಳಲ್ಲಿದ್ದ ನಿರಾಶ್ರಿತರು ಊರಿಗೆ ಮರಳುತ್ತಿದ್ದರು. ಎಷ್ಟೋ ಹಳ್ಳಿಗಳಲ್ಲಿ ಅವರನ್ನು ಎದುರುಗೊಂಡಿದ್ದು ಸುಟ್ಟ ಗುಡಿಸಲು, ಖಾಲಿ ಕೊಟ್ಟಿಗೆ ಮತ್ತು ಬೀಗ ಬಿದ್ದ ಶಾಲೆ. ಯುದ್ಧದ ಕೊನೆಯ ವರ್ಷಗಳಲ್ಲಿ ನೂರಾರು ಶಾಲೆಗಳು ಮುಚ್ಚಿದ್ದವು. ಕೆಲವು ಸೇನೆಯ ಕಾರ್ಯಾಚರಣೆಯಿಂದ ಮುಚ್ಚಿದವು. ಇನ್ನು ಕೆಲವನ್ನು ಬಿಳಿಯ ಸರ್ಕಾರದ ಸಂಸ್ಥೆಗಳೆಂದು ಗೆರಿಲ್ಲಾಗಳೇ ಮುಚ್ಚಿಸಿದ್ದರು.

ಮುಂದಿನ ಆರೇಳು ವರ್ಷಗಳಲ್ಲಿ ಈ ದೇಶ ಶಾಲೆಗಳನ್ನು ಕಟ್ಟಿದ ವೇಗ ಆಫ್ರಿಕಾದಲ್ಲೇ ಅಪರೂಪದ್ದು. ಆದರೆ ಶಾಲೆ ಕಟ್ಟುವುದು ಒಂದು ಕೆಲಸ, ಅದನ್ನು ಉಳಿಸಿಕೊಳ್ಳುವುದು ಇನ್ನೊಂದು. ಜಿಂಬಾಬ್ವೆಯ ಕಥೆಯಲ್ಲಿ ಈ ಎರಡನ್ನೂ ಕಾಣಬಹುದು.

ಯುದ್ಧಕ್ಕೆ ಭೂಮಿ ಎಷ್ಟು ಕಾರಣವೋ ಶಿಕ್ಷಣವೂ ಹೆಚ್ಚುಕಡಿಮೆ ಅಷ್ಟೇ ಕಾರಣ. ಬಿಳಿಯ ಮಕ್ಕಳಿಗೆ 1930ರಲ್ಲೇ ಶಿಕ್ಷಣ ಕಡ್ಡಾಯವಾಗಿತ್ತು. ಕರಿಯ ಮಕ್ಕಳ ಶಿಕ್ಷಣ ಬಹುಮಟ್ಟಿಗೆ ಮಿಷನರಿಗಳ ಪಾಲಿಗೆ ಬಿಟ್ಟದ್ದಾಗಿತ್ತು. ಸರ್ಕಾರ ಒಬ್ಬ ಬಿಳಿಯ ವಿದ್ಯಾರ್ಥಿಗೆ ಮಾಡುತ್ತಿದ್ದ ಖರ್ಚು ಕರಿಯ ವಿದ್ಯಾರ್ಥಿಗೆ ಮಾಡುತ್ತಿದ್ದುದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚಿತ್ತು. 1966ರಲ್ಲಿ ಇಯಾನ್ ಸ್ಮಿತ್ ಸರ್ಕಾರ ತಂದ ಯೋಜನೆಯಂತೂ ತಡೆಗೋಡೆಯೇ ಸರಿ. ಪ್ರಾಥಮಿಕ ಶಾಲೆ ಮುಗಿಸಿದ ಕರಿಯ ಮಕ್ಕಳಲ್ಲಿ ನೂರಕ್ಕೆ ಹನ್ನೆರಡೂವರೆ ಮಂದಿಗೆ ಮಾತ್ರ ಪೂರ್ಣ ಪ್ರೌಢಶಿಕ್ಷಣ ಎಂದು ಅದು ಗೊತ್ತುಮಾಡಿತು. ಉಳಿದವರಿಗೆ ಕಸುಬಿನ ಶಾಲೆ, ಇಲ್ಲವೇ ಮನೆ. ಫಲವತ್ತಾದ ನೆಲ ಬಿಳಿಯರ ಕೈಯಲ್ಲಿತ್ತು. ಮರಳು ನೆಲದ ಮೀಸಲು ಪ್ರದೇಶದಲ್ಲಿದ್ದ ಕುಟುಂಬ ಬಡತನದಿಂದ ಮೇಲೇಳಲು ಇದ್ದ ದಾರಿ ಒಂದೇ: ಮಗನೋ ಮಗಳೋ ಓದಿ ಶಿಕ್ಷಕರೋ ಗುಮಾಸ್ತರೋ ದಾದಿಯೋ ಆಗಬೇಕು. ಆ ದಾರಿಗೇ ಬೇಲಿ ಬಿದ್ದಿತ್ತು.

ಹೊಸ ಶಿಕ್ಷಣದ ಕನಸು ಮೊದಲು ಮೊಳೆತದ್ದು ಗಡಿಯಾಚೆಯ ಶಿಬಿರಗಳಲ್ಲಿ. ಮೊಜಾಂಬಿಕ್‌ನ ಶಿಬಿರಗಳಲ್ಲಿ ಮಕ್ಕಳು ಮರದ ನೆರಳಿನಲ್ಲಿ ಕುಳಿತು ಪಾಠ ಕೇಳುತ್ತಿದ್ದರು. ಅದೂ ಸುರಕ್ಷಿತವಾಗಿರಲಿಲ್ಲ. 1977ರ ನವೆಂಬರ್‌ನಲ್ಲಿ ರೊಡೇಷಿಯಾದ ಸೇನೆ ಚಿಮೊಯೊ ಶಿಬಿರದ ಮೇಲೆ ದಾಳಿ ಮಾಡಿತು. ಸತ್ತವರಲ್ಲಿ ಮಕ್ಕಳೂ ಇದ್ದರು. ಚೀನೀ ಮೂಲದ ಕುಟುಂಬದಲ್ಲಿ ಹುಟ್ಟಿದ ಫೇ ಚುಂಗ್ ಮೊಜಾಂಬಿಕ್‌ನ ಶಿಬಿರಗಳಲ್ಲಿ ಪಠ್ಯ ಮತ್ತು ಶಿಕ್ಷಕರ ತರಬೇತಿಯ ಕೆಲಸ ಮಾಡಿದವರು. ಮುಂದೆ 1988ರಲ್ಲಿ ಅವರೇ ದೇಶದ ಶಿಕ್ಷಣ ಸಚಿವರಾದರು.

ಸ್ವಾತಂತ್ರ್ಯ ಬಂದ ವರ್ಷವೇ ಪ್ರಾಥಮಿಕ ಶಿಕ್ಷಣವನ್ನು ಉಚಿತಗೊಳಿಸಲಾಯಿತು. ಪ್ರಧಾನಿ ರಾಬರ್ಟ್ ಮುಗಾಬೆ ಸ್ವತಃ ಶಿಕ್ಷಕರಾಗಿದ್ದವರು. ಮೊದಲ ಶಿಕ್ಷಣ ಸಚಿವ ಡ್ಜಿಂಗಾಯ್ ಮುಟುಂಬುಕಾ. ಸರ್ಕಾರದ ಬಳಿ ಎಲ್ಲ ಹಳ್ಳಿಗೂ ಶಾಲೆ ಕಟ್ಟುವಷ್ಟು ಹಣವಿರಲಿಲ್ಲ. ಹಾಗಾಗಿ ಹೊರೆಯನ್ನು ಹಂಚಿಕೊಳ್ಳಲಾಯಿತು. ಶಿಕ್ಷಕರ ಸಂಬಳ ಸರ್ಕಾರದ್ದು. ಸಿಮೆಂಟು, ಛಾವಣಿಯ ಶೀಟುಗಳಂಥ ಸಾಮಗ್ರಿಗೆ ಸಹಾಯಧನವೂ ಅದರದ್ದೇ. ಗೋಡೆ ಮಾತ್ರ ಊರಿನವರದು. ಗಂಡಸರು ಹುತ್ತದ ಮಣ್ಣು ಅಗೆದು ಇಟ್ಟಿಗೆ ಅಚ್ಚು ಹಾಕಿ ಸುಟ್ಟರು. ಹೆಂಗಸರು ಹೊಳೆಯಿಂದ ನೀರು, ಮರಳು ಹೊತ್ತು ತಂದರು. ಗೆದ್ದಲು ಕಟ್ಟಿದ ಹುತ್ತದ ಮಣ್ಣು ಜಿಗುಟಾಗಿ, ಇಟ್ಟಿಗೆಗೆ ಹೇಳಿ ಮಾಡಿಸಿದಂತಿರುತ್ತದೆ.

1979ರಲ್ಲಿ ಪ್ರಾಥಮಿಕ ಶಾಲೆಗಳಲ್ಲಿದ್ದ ಮಕ್ಕಳು ಸುಮಾರು 8.2 ಲಕ್ಷ. 1986ರ ಹೊತ್ತಿಗೆ ಅದು 22 ಲಕ್ಷ ದಾಟಿತು. ಇದೇ ಅವಧಿಯಲ್ಲಿ ಪ್ರೌಢಶಾಲಾ ವಿದ್ಯಾರ್ಥಿಗಳ ಸಂಖ್ಯೆ ಸುಮಾರು 66 ಸಾವಿರದಿಂದ 5 ಲಕ್ಷದ ಆಚೆಗೆ ಏರಿತು. ಇನ್ನೂರಕ್ಕಿಂತ ಕಡಿಮೆ ಇದ್ದ ಪ್ರೌಢಶಾಲೆಗಳು ಸಾವಿರ ಮೀರಿದವು.

ಇಷ್ಟು ಮಕ್ಕಳಿಗೆ ಪಾಠ ಹೇಳುವವರು ಯಾರು? ಅದಕ್ಕಾಗಿ ‘ಜಿಂಟೆಕ್’ ಎಂಬ ಯೋಜನೆ 1981ರಲ್ಲಿ ಆರಂಭವಾಯಿತು. ನಾಲ್ಕು ವರ್ಷದ ತರಬೇತಿಯಲ್ಲಿ ಮೊದಲ 16 ವಾರ ಮತ್ತು ಕೊನೆಯ 16 ವಾರ ಮಾತ್ರ ಕಾಲೇಜು. ಉಳಿದ ಕಾಲವೆಲ್ಲ ಹಳ್ಳಿಯ ಶಾಲೆಯಲ್ಲಿ ಪಾಠ ಹೇಳುತ್ತಲೇ ಅಂಚೆಯ ಮೂಲಕ ಕಲಿಕೆ. ಕಟ್ಟಡ ಸಾಲದ ಕಡೆ ಮಕ್ಕಳು ಬೆಳಿಗ್ಗೆ, ಮಧ್ಯಾಹ್ನ ಎಂದು ಎರಡು ಪಾಳಿಯಲ್ಲಿ ಬಂದರು. ಪ್ರೌಢಶಾಲಾ ಪರೀಕ್ಷೆಯಲ್ಲಿ ತೇರ್ಗಡೆಯ ಪ್ರಮಾಣ ಕುಸಿದಾಗ ಟೀಕೆಯೂ ಬಂತು. ಆದರೆ ಹಿಂದೆ ಪರೀಕ್ಷೆಗೆ ಕೂರುವ ಅವಕಾಶವೇ ಇಲ್ಲದಿದ್ದವರು ಈಗ ಕೂತಿದ್ದರು ಎಂಬುದನ್ನು ಮರೆಯಬಾರದು.

ಎಲ್ಲ ಕಡೆಯೂ ಶಾಂತಿ ಒಂದೇ ಬಾರಿಗೆ ಬರಲಿಲ್ಲ. ಮಟಬೆಲೆಲ್ಯಾಂಡ್‌ನಲ್ಲಿ 1983ರಿಂದ ಸರ್ಕಾರದ ಸೇನೆಯೇ ಸಾವಿರಾರು ನಾಗರಿಕರನ್ನು ಕೊಂದಿತು. ಒಂದು ಕೈಯಲ್ಲಿ ಶಾಲೆ ಕಟ್ಟಿದ ಸರ್ಕಾರ ಇನ್ನೊಂದು ಕೈಯಲ್ಲಿ ಹಳ್ಳಿಗಳನ್ನು ನಡುಗಿಸಿತು. 1987ರ ಡಿಸೆಂಬರ್‌ನ ಒಪ್ಪಂದದವರೆಗೂ ಆ ಭಾಗ ಭಯದಲ್ಲೇ ಬದುಕಿತು.

ಎರಡನೆಯ ಪೆಟ್ಟು ಆರ್ಥಿಕತೆಯದು. ಓದಿದ ಮಕ್ಕಳಷ್ಟು ಬೇಗ ಉದ್ಯೋಗಗಳು ಬೆಳೆಯಲಿಲ್ಲ. ವಿಶ್ವಬ್ಯಾಂಕಿನ ಬೆಂಬಲದೊಂದಿಗೆ 1991ರಲ್ಲಿ ಬಂದ ಆರ್ಥಿಕ ಸುಧಾರಣೆಯ ಬೆನ್ನಿಗೇ ಪಟ್ಟಣಗಳ ಪ್ರಾಥಮಿಕ ಶಾಲೆಗಳಲ್ಲಿ ಶುಲ್ಕ ಮರಳಿತು. 2008ರ ಹಣದುಬ್ಬರದಲ್ಲಂತೂ ಶಿಕ್ಷಕರ ತಿಂಗಳ ಸಂಬಳ ಬಸ್ ಚಾರ್ಜಿಗೂ ಸಾಲದಾಯಿತು. ಸಾವಿರಾರು ಶಿಕ್ಷಕರು ಕೆಲಸ ಬಿಟ್ಟು ದಕ್ಷಿಣ ಆಫ್ರಿಕಾದ ಕಡೆ ನಡೆದರು. ಹುತ್ತದ ಮಣ್ಣಿನ ಗೋಡೆಗಳು ಗಟ್ಟಿಯಾಗಿಯೇ ಇದ್ದವು. ಒಳಗೆ ಪಾಠ ಇರಲಿಲ್ಲ.

ಕರೆನ್ಸಿ ಬದಲಾದ ಮೇಲೆ, 2009ರಿಂದ, ಚೇತರಿಕೆ ಆರಂಭವಾಯಿತು. ಯುನಿಸೆಫ್ ಮತ್ತು ದಾನಿ ದೇಶಗಳ ನಿಧಿಯಿಂದ ಒಂದು ಕೋಟಿಗೂ ಹೆಚ್ಚು ಪಠ್ಯಪುಸ್ತಕಗಳು ಶಾಲೆಗಳಿಗೆ ಹೋದವು. 2013ರ ಸಂವಿಧಾನ ಮೂಲ ಶಿಕ್ಷಣವನ್ನು ಹಕ್ಕೆಂದು ಸಾರಿತು. ಶುಲ್ಕ ಕಟ್ಟಿಲ್ಲವೆಂದು ಮಗುವನ್ನು ಹೊರಹಾಕಬಾರದೆಂದು 2020ರ ಕಾನೂನು ಹೇಳಿತು. ಆದರೂ ಶುಲ್ಕದ ಚಿಂತೆ ಬಡವರ ಮನೆಯಿಂದ ಹೋಗಿಲ್ಲ.

ಹಾಗಾದರೆ ಆ ಇಟ್ಟಿಗೆಗಳೆಲ್ಲ ವ್ಯರ್ಥವಾದವೇ? ಹಾಗೆನ್ನಲಾಗದು. ಆಫ್ರಿಕಾದಲ್ಲಿ ಸಾಕ್ಷರತೆ ಹೆಚ್ಚಿರುವ ದೇಶಗಳಲ್ಲಿ ಜಿಂಬಾಬ್ವೆ ಇಂದಿಗೂ ಒಂದು. ಅಂದಿನ ಶಾಲೆಗಳಲ್ಲಿ ಓದಿದ ಅನೇಕರು ಇಂದು ದಕ್ಷಿಣ ಆಫ್ರಿಕಾದಲ್ಲಿ ಶಿಕ್ಷಕರು, ಬ್ರಿಟನ್ನಿನಲ್ಲಿ ದಾದಿಯರು. ಅವರು ಊರಿಗೆ ಕಳಿಸುವ ಹಣದಲ್ಲಿ ತಮ್ಮಂದಿರ, ಅಣ್ಣನ ಮಕ್ಕಳ ಶಾಲಾ ಶುಲ್ಕವೂ ಸೇರಿರುತ್ತದೆ. ಅಂದು ತಂದೆತಾಯಿ ಗೋಡೆ ಕಟ್ಟಿದರು, ಸಂಬಳ ತಾನು ಕೊಡುವೆನೆಂದು ಸರ್ಕಾರ ಒಪ್ಪಿತ್ತು. ಆ ಒಪ್ಪಂದದಲ್ಲಿ ತಮ್ಮ ಪಾಲನ್ನು ಮನೆಯವರು ಇವತ್ತಿಗೂ ತಪ್ಪಿಸಿಲ್ಲ.