ಗಾರ್ಡಿನರ್ ಎತ್ತರದ ಹೆದ್ದಾರಿ

ಟೊರಾಂಟೊ ನಗರಕ್ಕೂ ಒಂಟೇರಿಯೊ ಸರೋವರಕ್ಕೂ ನಡುವೆ 1955ರಿಂದ 1966ರವರೆಗೆ ಹಂತಹಂತವಾಗಿ ನಿರ್ಮಿತವಾಗಿ, ಮಹಾನಗರ ಪರಿಷತ್ತಿನ ಪ್ರಥಮಾಧ್ಯಕ್ಷ ಫ್ರೆಡರಿಕ್ ಗಾರ್ಡಿನರನ ಹೆಸರನ್ನು ಧರಿಸಿದ ಹೆದ್ದಾರಿಯು, ಮೋಟಾರು ವಾಹನದ ಮೇಲೆ ಆ ಕಾಲವು ಇಟ್ಟಿದ್ದ ಅಚಲ ವಿಶ್ವಾಸದ ಫಲ. ಯಾರ್ಕ್ ಕೋಟೆಯ ನೆಲವನ್ನು ಆಕ್ರಮಿಸಲಿದ್ದ ಮಾರ್ಗವನ್ನು ಇತಿಹಾಸಪ್ರಿಯ ನಾಗರಿಕರು ಪ್ರತಿಭಟಿಸಿ ಬದಿಗೆ ಸರಿಸಿದುದು, ಈ ಚರಿತ್ರೆಯಲ್ಲೇ ಅತ್ಯಂತ ಶ್ಲಾಘ್ಯವಾದ ಅಧ್ಯಾಯವೆಂದು ನನ್ನ ಭಾವನೆ.

ಚಳಿಗಾಲದ ಹಿಮವನ್ನು ಕರಗಿಸಲೆಂದು ಎರಚಿದ ಉಪ್ಪು ನೀರಿನೊಡನೆ ಕಾಂಕ್ರೀಟಿನೊಳಕ್ಕಿಳಿದು, ಉಕ್ಕಿನ ಸರಳುಗಳು ತುಕ್ಕುಹಿಡಿದು ಉಬ್ಬಲು, ಮೇಲಿನ ಹೊದಿಕೆಯು ಚಕ್ಕೆಚಕ್ಕೆಯಾಗಿ ಬೀದಿಗೆ ಉದುರತೊಡಗಿತು. ಪೂರ್ವದ ತುದಿಯನ್ನು 2001ರಲ್ಲಿ ಕೆಡವಿದರು. ಈ ಹೆದ್ದಾರಿಗೆ ಕೂಡಿಸಬೇಕೆಂದು ಬಹುಕಾಲ ಚರ್ಚಿತವಾದ ಫ್ರಂಟ್ ಬೀದಿಯ ವಿಸ್ತರಣವನ್ನು 2008ರಲ್ಲಿ ಕೈಬಿಟ್ಟರು. 2015ರಲ್ಲಿ ನಗರಸಭೆಯು, ದೀರ್ಘ ವಾಗ್ವಾದದ ತರುವಾಯ, ಉಳಿದ ಪೂರ್ವಭಾಗವನ್ನು ನೆಲಕ್ಕಿಳಿಸದೆ ಮಾರ್ಪಡಿಸಿ ಉಳಿಸಿಕೊಳ್ಳಲು 24–21 ಮತಗಳಿಂದ ನಿಶ್ಚಯಿಸಿತು. ಸರೋವರತೀರವನ್ನು ಜನರಿಗೆ ಮರಳಿಸಬಹುದಾಗಿದ್ದ ಸುಸಂದರ್ಭವು ಮೂರೇ ಮತಗಳ ಅಂತರದಲ್ಲಿ ತಪ್ಪಿಹೋದುದು ನಿಜಕ್ಕೂ ವ್ಯಥೆಯ ಸಂಗತಿ. 2023ರಲ್ಲಿ ಈ ಹೆದ್ದಾರಿಯ ಹೊಣೆಯನ್ನು ವಹಿಸಿಕೊಳ್ಳಲು ಒಂಟೇರಿಯೊ ಪ್ರಾಂತ ಸರ್ಕಾರವು ಒಪ್ಪಿತು.