ಆನೆ ಕುದುರೆಯ ರಂಗದಿಂದ ಇರುಳಿಡೀ ರಂಗಕ್ಕೆ: ಕನ್ನಡದ ಅದ್ದೂರಿ ಸಂಗೀತ ನಾಟಕ ನಡೆದು ಬಂದ ದಾರಿ

1934ರಲ್ಲಿ ಗುಬ್ಬಿ ವೀರಣ್ಣನವರ ಕಂಪನಿ ‘ಕುರುಕ್ಷೇತ್ರ’ ನಾಟಕ ಕಟ್ಟಿದಾಗ ರಂಗದ ಮೇಲೆ ನಿಜವಾದ ಆನೆ ಕುದುರೆಗಳು ಬಂದವು. ವೃತ್ತಿ ರಂಗಭೂಮಿಯ ವೈಭವದ ಮಾತು ಬಂದಾಗಲೆಲ್ಲ ನಾವು ಮೊದಲು ನೆನೆಯುವುದು ಆ ಆನೆಗಳನ್ನೇ. ನೆನೆಯಬೇಕಾದದ್ದೇ ಹೌದು. ಆದರೆ ಆನೆ ರಂಗದ ಮೇಲೆ ನಿಂತಿದ್ದು ಕೆಲವೇ ನಿಮಿಷ. ಉಳಿದ ಇರುಳನ್ನೆಲ್ಲ ಹೊತ್ತು ನಿಂತದ್ದು ಕಂಠಗಳು, ಹಾರ್ಮೋನಿಯಂ, ತಬಲಾ. ಸುಮಾರು ಒಂದೂವರೆ ಶತಮಾನದ ಈ ಚರಿತ್ರೆಯನ್ನು ಒಟ್ಟಾಗಿ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಅದ್ದೂರಿ ಎಂದರೆ ಏನು ಎಂಬ ಕಲ್ಪನೆ ಪ್ರತಿ ತಲೆಮಾರಿನಲ್ಲೂ ಬದಲಾಗಿದೆ. ಪ್ರೇಕ್ಷಕರ ಎದುರಿಗೇ ನಿಂತು ಹಾಡುವ ಪದ್ಧತಿ ಬದಲಾಗಿಲ್ಲ. ಅದನ್ನು ಬಿಟ್ಟುಕೊಟ್ಟ ಕಡೆಯಲ್ಲೆಲ್ಲ ನಾಟಕ ಬಡವಾಗಿದೆ.

ಹೊರಟ ಆಟ, ಮರಳಿ ಬಂದ ನಾಟಕ

ಕಂಪನಿಗಳು ಹುಟ್ಟುವ ಮೊದಲೇ ಕನ್ನಡಿಗರಿಗೆ ಹಾಡಿನ ಮೇಲೆ ನಡೆಯುವ ದೊಡ್ಡ ರಾತ್ರಿಯಾಟ ಹೊಸದಾಗಿರಲಿಲ್ಲ. ಕರಾವಳಿಯಲ್ಲಿ ಯಕ್ಷಗಾನ, ಬಯಲುಸೀಮೆಯಲ್ಲಿ ಮೂಡಲಪಾಯ, ಉತ್ತರದಲ್ಲಿ ದೊಡ್ಡಾಟ, ಶ್ರೀಕೃಷ್ಣ ಪಾರಿಜಾತ ಇದ್ದವು. ಪಡದೆ, ಸೀನರಿ ಯಾವುದೂ ಇಲ್ಲದೆ ಕಿರೀಟ, ಭುಜಕೀರ್ತಿ, ದೊಂದಿಯ ಬೆಳಕು ಮತ್ತು ಭಾಗವತರ ದನಿಯಿಂದಲೇ ಅಲ್ಲಿ ಲೋಕಗಳು ಏಳುತ್ತಿದ್ದವು.

ಉತ್ತರ ಕನ್ನಡದ ಇಂಥದೊಂದು ಭಾಗವತರ ಮೇಳ ಸಾಂಗ್ಲಿಗೆ ಹೋಗಿ ಅಲ್ಲಿನ ಸಂಸ್ಥಾನಿಕರ ಮುಂದೆ ಆಟ ಆಡಿತು. ಅದರಿಂದ ಪ್ರೇರಣೆ ಪಡೆದು ವಿಷ್ಣುದಾಸ ಭಾವೆ 1843ರಲ್ಲಿ ‘ಸೀತಾ ಸ್ವಯಂವರ’ವನ್ನು ರಂಗಕ್ಕೆ ತಂದರು. ಮರಾಠಿ ರಂಗಭೂಮಿ ತನ್ನ ಆರಂಭವನ್ನು ಗುರುತಿಸುವುದು ಅಲ್ಲಿಂದಲೇ. 1880ರಲ್ಲಿ ಪುಣೆಯಲ್ಲಿ ‘ಸಂಗೀತ ಶಾಕುಂತಲ’ ಆಡಿಸಿ ಸಂಗೀತ ನಾಟಕಕ್ಕೆ ಹೊಸ ರೂಪ ಕೊಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಕನ್ನಡ ನೆಲದಿಂದ ಹೊರಟ ಆಟ ಮರಾಠಿಯಲ್ಲಿ ಮೈ ಬದಲಿಸಿಕೊಂಡು ಧಾರವಾಡ, ಹುಬ್ಬಳ್ಳಿ, ಗದಗಗಳಿಗೆ ಮರಳಿ ಬಂತು. ಮರಾಠಿ ಕಂಪನಿಗಳಿಗೆ ಜನ ಮುಗಿಬೀಳುವುದನ್ನು ಕಂಡ ಶಾಂತಕವಿ, ಅಂದರೆ ಸಕ್ಕರಿ ಬಾಳಾಚಾರ್ಯರು, 1870ರ ದಶಕದಲ್ಲಿ ಗದಗದಲ್ಲಿ ಕನ್ನಡದ್ದೇ ನಾಟಕ ಮಂಡಳಿ ಕಟ್ಟಿದರು. ಉತ್ತರ ಕರ್ನಾಟಕದ ವೃತ್ತಿ ರಂಗಭೂಮಿಗೆ ಅದು ಬುನಾದಿ.

ಮೈಸೂರಿನಲ್ಲಿ ದಾರಿ ಬೇರೆಯಾಗಿತ್ತು. ಹತ್ತನೆಯ ಚಾಮರಾಜ ಒಡೆಯರ ಆಶ್ರಯದಲ್ಲಿ ಅರಮನೆಯ ನಾಟಕ ಕಂಪನಿ ಹುಟ್ಟಿತು. ಅದೇ ಆಸ್ಥಾನದಲ್ಲಿ ಬಸವಪ್ಪ ಶಾಸ್ತ್ರಿಗಳು ಕಾಳಿದಾಸನ ಶಾಕುಂತಲವನ್ನು ಕನ್ನಡಕ್ಕೆ ತಂದರು. ಹಾಡಿಗೆ ಕರ್ನಾಟಕ ಸಂಗೀತ, ಮಾತಿಗೆ ಸಂಸ್ಕೃತ ನಾಟಕದ ಗಾಂಭೀರ್ಯ. ಮೂರನೆಯ ಸೆಳೆತ ಬಂದದ್ದು ಊರೂರು ಸುತ್ತುತ್ತಿದ್ದ ಪಾರ್ಸಿ ಕಂಪನಿಗಳಿಂದ. ಬಣ್ಣ ಬಳಿದ ಪಡದೆ, ಕಣ್ಣೆದುರಿಗೇ ಬದಲಾಗುವ ಸೀನು, ಮಾಯವಾಗುವ ಪಾತ್ರ ಎಲ್ಲವೂ ಅವರಿಂದ ಕಲಿತದ್ದು. ಈ ಮೂರು ಸೇರಿದಾಗ ಕಂಪನಿ ನಾಟಕ ಎಂಬ ಅಚ್ಚ ಕನ್ನಡದ ಪ್ರಕಾರ ಸಿದ್ಧವಾಯಿತು.

ಕಂಪನಿಯ ಒಂದು ಸಂಜೆ

ಕಂಪನಿ ಒಂದೂರಿನಲ್ಲಿ ಕ್ಯಾಂಪ್ ಹಾಕಿತೆಂದರೆ ಮೊದಲು ಏಳುವುದು ತಗಡಿನ ಥಿಯೇಟರು. ಹಗಲು ಹೊತ್ತು ಗಾಡಿಯಲ್ಲಿ ವಾದ್ಯ ಬಾರಿಸುತ್ತ ಹ್ಯಾಂಡ್‌ಬಿಲ್ ಹಂಚುವುದು. ಸಂಜೆ ಗ್ಯಾಸ್‌ಲೈಟ್ ಹೊತ್ತಿಸುವುದು. ಮುಂದೆ ಕುರ್ಚಿ, ಅದರ ಹಿಂದೆ ಬೆಂಚು, ಕಡಿಮೆ ದರದವರಿಗೆ ನೆಲ. ಗಂಟೆ ಹೊಡೆದು, ನಾಂದಿ ಹಾಡಿ, ಪಡದೆ ಎದ್ದರೆ ಮುಗಿಯುವ ಹೊತ್ತನ್ನು ಯಾರೂ ಕೇಳುತ್ತಿರಲಿಲ್ಲ.

ಆ ರಂಗದ ಯಂತ್ರಕೌಶಲ ಸರಳವಾದದ್ದು, ಅಷ್ಟೇ ಜಾಣತನದ್ದು. ಮುಂದುಗಡೆ ಬೀದಿಯ ಚಿತ್ರವಿರುವ ಪಡದೆ ಬಿಡುತ್ತಿದ್ದರು. ಅದರ ಮುಂದಿನ ಕಿರಿದಾದ ಜಾಗದಲ್ಲಿ ಹಾಸ್ಯದ ಜೋಡಿ ಮಾತಿಗೆ ಮಾತು ಕೊಡುತ್ತಿದ್ದಾಗ ಹಿಂದೆ ಸದ್ದಿಲ್ಲದೆ ದರ್ಬಾರು ನಿಲ್ಲುತ್ತಿತ್ತು. ಹಾಸ್ಯ ಮುಗಿದು ಪಡದೆ ಎದ್ದಾಗ ಕಂಬಗಳ ಸಾಲು, ಸಿಂಹಾಸನ, ನಿಂತ ಸಭಾಸದರು. ಕಥೆಗೆ ಸಂಬಂಧವೇ ಇಲ್ಲದ ಹಾಸ್ಯ ಕಂಪನಿ ನಾಟಕದಲ್ಲಿ ಯಾಕಿದೆ ಎಂದು ವಿಮರ್ಶಕರು ಬಹಳ ಸಲ ಆಕ್ಷೇಪಿಸಿದ್ದಾರೆ. ಉತ್ತರದ ಒಂದು ಭಾಗ ಆ ಪಡದೆಯ ಹಿಂದೆ ಇದೆ: ಅದ್ದೂರಿಗೆ ಬೇಕಾದ ಸಮಯವನ್ನು ಹಾಸ್ಯ ದುಡಿದುಕೊಡುತ್ತಿತ್ತು.

ಮೈಕು ಇರಲಿಲ್ಲ. ಕೊನೆಯ ಸಾಲಿನ ನೆಲದವನಿಗೂ ಮುಟ್ಟಬೇಕಾದರೆ ನಟ ಎತ್ತರದ ಶ್ರುತಿಯಲ್ಲಿ, ತುಂಬು ದನಿಯಲ್ಲಿ ಹಾಡಲೇಬೇಕು. ಆ ದನಿಗೆ ಆಸರೆಯಾದದ್ದು ಕಾಲು ಹಾರ್ಮೋನಿಯಂ. ಕಾಲಿನಿಂದ ತಿದಿ ಒತ್ತುವುದರಿಂದ ಮೇಷ್ಟ್ರ ಎರಡು ಕೈಗಳೂ ಮನೆಗಳ ಮೇಲೆ ಓಡಾಡಬಹುದು. ನಟನ ಉಸಿರು ಮುರಿದ ಕಡೆ ತುಂಬಿ, ಮಾತಿನಿಂದ ಪದ್ಯಕ್ಕೆ ಅವನನ್ನು ಎತ್ತಿ, ಮತ್ತೆ ಮಾತಿಗೆ ಇಳಿಸುವುದು ಮೇಷ್ಟ್ರ ಹೊಣೆ. ಕಂದ, ವೃತ್ತ, ಸೀಸಪದ್ಯಗಳ ಜೊತೆಗೆ ಜನಪ್ರಿಯ ಮಟ್ಟುಗಳೂ ಬರುತ್ತಿದ್ದವು. ಹಾಡು ಹಿಡಿಸಿದರೆ ಸಭೆಯಿಂದ ‘ವನ್ಸ್ ಮೋರ್’ ಕೂಗು. ಸತ್ತು ಬಿದ್ದ ಪಾತ್ರವೂ ಎದ್ದು ಇನ್ನೊಮ್ಮೆ ಹಾಡಬೇಕು. ರತ್ನಾವಳಿ ಕಂಪನಿಯ ಎ.ವಿ. ವರದಾಚಾರ್ಯರಂಥ ನಟರು ತಲೆಮಾರುಗಳ ನೆನಪಿನಲ್ಲಿ ಉಳಿದದ್ದು ಅಭಿನಯ ಮತ್ತು ಗಾಯನ ಎರಡೂ ಒಂದೇ ಮೈಯಲ್ಲಿ ಕೂಡಿದ್ದರಿಂದ.

ಉತ್ತರ ಕರ್ನಾಟಕದಲ್ಲಂತೂ ಕಂಪನಿಯೇ ಸಂಗೀತ ಶಾಲೆ. ವಾಮನರಾವ್ ಮಾಸ್ತರರ ವಿಶ್ವಗುಣಾದರ್ಶ ಕಂಪನಿಯಲ್ಲಿ ಹಾಡುತ್ತಿದ್ದ ಬಾಲಕ ಮಲ್ಲಿಕಾರ್ಜುನ ಮನಸೂರರನ್ನು ಗುರುತಿಸಿ ಶಿಷ್ಯನಾಗಿ ಕರೆದುಕೊಂಡವರು ನೀಲಕಂಠಬುವಾ. ಬಸವರಾಜ ರಾಜಗುರು ಅವರೂ ನಾಟಕದ ರಂಗದಿಂದಲೇ ಸಂಗೀತಕ್ಕೆ ನಡೆದವರು. ಗದಗದ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳು ಅಂಧ ಮಕ್ಕಳ ಅನ್ನ ವಿದ್ಯೆಗಾಗಿ ನಾಟಕ ಕಂಪನಿಯನ್ನೇ ನಡೆಸಿದರು. ಹಿಂದೂಸ್ಥಾನಿ ಸಂಗೀತಕ್ಕೆ ಧಾರವಾಡ ಸೀಮೆ ಕೊಟ್ಟ ಕಾಣಿಕೆಯ ಲೆಕ್ಕದಲ್ಲಿ ಈ ತಗಡಿನ ಥಿಯೇಟರುಗಳನ್ನೂ ಸೇರಿಸಬೇಕು.

ಗುಬ್ಬಿಯ ಎತ್ತರ

1884ರಲ್ಲಿ ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘವನ್ನು ಬಾಲನಟನಾಗಿ ಸೇರಿದ ವೀರಣ್ಣನವರು 1917ರಲ್ಲಿ ಅದರ ಒಡೆಯರಾದರು. ‘ಸದಾರಮೆ’ಯ ಕಳ್ಳನ ಪಾತ್ರದಲ್ಲಿ ನಾಡನ್ನು ನಗಿಸಿದ ಅವರು ಕಂಪನಿಯ ಮಾಲೀಕರಾಗಿ ಮಾಡಿದ್ದು ಇನ್ನೂ ದೊಡ್ಡದು. ‘ಕೃಷ್ಣಲೀಲೆ’, ‘ಕುರುಕ್ಷೇತ್ರ’ಗಳಂಥ ನಾಟಕಗಳಿಗೆ ಅವರು ಚಿತ್ರಕಾರರು, ಬಡಗಿಗಳು, ದೀಪದವರು, ವಾದ್ಯದವರು, ಅಡುಗೆಯವರನ್ನೊಳಗೊಂಡ ಒಂದು ಸಂಚಾರಿ ಊರನ್ನೇ ಸಾಕಿದರು. ಸ್ತ್ರೀಪಾತ್ರಗಳನ್ನು ಗಂಡಸರೇ ಮಾಡುತ್ತಿದ್ದ ವಾಡಿಕೆಯ ನಡುವೆ ಬಿ. ಜಯಮ್ಮ, ಮಳವಳ್ಳಿ ಸುಂದರಮ್ಮ ಅವರಂಥ ಗಾಯಕಿ ನಟಿಯರಿಗೆ ಗೌರವದ ಸ್ಥಾನ ಕೊಟ್ಟರು. ಉತ್ತರದಲ್ಲಿ ಗರುಡ ಸದಾಶಿವರಾಯರ ಕಂಪನಿ, ಕೊಣ್ಣೂರು, ಶಿರಹಟ್ಟಿಯ ಕಂಪನಿಗಳು, ಮುಂದೆ ಏಣಗಿ ಬಾಳಪ್ಪನವರ ಕಲಾವೈಭವ ನಾಟ್ಯ ಸಂಘ ಇದೇ ದೊಡ್ಡ ಹಂಬಲವನ್ನು ಬೇರೆ ಸ್ವರದಲ್ಲಿ ಬೆಳೆಸಿದವು. 2017ರಲ್ಲಿ ನಮ್ಮನ್ನು ಅಗಲಿದ ಬಾಳಪ್ಪನವರು ನೂರು ದಾಟಿದ ಮೇಲೂ ರಂಗಗೀತೆ ಹಾಡುತ್ತಿದ್ದರು.

ಸಿನಿಮಾ ಕಸಿದದ್ದು, ಸಿನಿಮಾಕ್ಕೆ ಕೊಟ್ಟದ್ದು

‘ಕುರುಕ್ಷೇತ್ರ’ ರಂಗವೇರಿದ ವರ್ಷವೇ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಕಂಡಿತು. ಅದರಲ್ಲಿ ನಟಿಸಿದ ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರು ಇಬ್ಬರೂ ಕಂಪನಿಯ ಗರಡಿಯವರೇ. 1954ರ ‘ಬೇಡರ ಕಣ್ಣಪ್ಪ’ ಬಂದದ್ದೂ ಗುಬ್ಬಿ ಬಳಗದಿಂದ. ಅದರ ನಾಯಕ ರಾಜ್‌ಕುಮಾರ್, ಗುಬ್ಬಿ ಕಂಪನಿಯ ನಟ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ. ರಂಗದ ಆನೆ ಕುದುರೆ, ಮಾಯಾಜಾಲಗಳೆಲ್ಲ ತೆರೆಗೆ ಹೋದವು. ಅವನ್ನು ತೋರಿಸಲು ಸಿನಿಮಾಕ್ಕೆ ಪ್ರತಿ ಸಂಜೆ ಹೊಸದಾಗಿ ದುಡಿಯಬೇಕಿರಲಿಲ್ಲ.

ಕಂಪನಿಗಳು ಕುಸಿದವು, ಸಾಯಲಿಲ್ಲ. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯಂಥವು ಸಾಂಸಾರಿಕ ನಾಟಕಗಳಿಂದ ಜನರನ್ನು ಹಿಡಿದವು. ಬಾದಾಮಿ ಬಳಿಯ ಬನಶಂಕರಿ ಜಾತ್ರೆಯಲ್ಲಿ ಇವತ್ತಿಗೂ ಹಲವು ಕಂಪನಿಗಳು ಸಾಲಾಗಿ ಥಿಯೇಟರು ಹಾಕುತ್ತವೆ. ಆದರೆ ಅಲ್ಲಿ ಮಾತಿನ ಹಾಸ್ಯ ಹೆಚ್ಚಿ ನಟನೇ ಹಾಡುವ ಹಾಡು ಕಡಿಮೆಯಾಗಿದೆ. ಸಿನಿಮಾದ ಜೊತೆ ಕಣ್ಣಿನ ಪೈಪೋಟಿಯಲ್ಲಿ ರಂಗ ಗೆಲ್ಲುವಂತಿರಲಿಲ್ಲ ನಿಜ; ಕಿವಿಯ ಪೈಪೋಟಿಯನ್ನು ಬಿಟ್ಟುಕೊಡಬೇಕಾಗಿರಲಿಲ್ಲ.

ಕಾರಂತರ ಕಿವಿ

ಆ ಪೈಪೋಟಿಯನ್ನು ಮತ್ತೆ ಕೈಗೆತ್ತಿಕೊಂಡವರು ಬಿ.ವಿ. ಕಾರಂತರು. ಹುಡುಗನಾಗಿದ್ದಾಗ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದ ಅವರನ್ನು ಓದಲು ಕಾಶಿಗೆ ಕಳಿಸಿದವರು ವೀರಣ್ಣನವರೇ. 1972ರಲ್ಲಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಬಯಲಿನಲ್ಲಿ ಅವರು ಲಂಕೇಶರ ಕನ್ನಡದ ‘ಈಡಿಪಸ್’, ‘ಸಂಕ್ರಾಂತಿ’, ಕಂಬಾರರ ‘ಜೋಕುಮಾರಸ್ವಾಮಿ’ ನಾಟಕಗಳನ್ನು ಆಡಿಸಿದಾಗ ಹವ್ಯಾಸಿ ರಂಗಭೂಮಿಯ ದಿಕ್ಕೇ ಬದಲಾಯಿತು. ಸಂಭಾಷಣೆಯನ್ನೇ ನೆಚ್ಚಿದ್ದ ಆಧುನಿಕ ನಾಟಕಕ್ಕೆ ಹಾಡು ಮರಳಿತು.

ಕಾರಂತರು ಕಂಪನಿಯ ಹಳೆಯ ಪದ್ಧತಿಯನ್ನು ಹಾಗೆಯೇ ಮುಂದುವರಿಸಲಿಲ್ಲ. ಶಾಸ್ತ್ರೀಯ ರಾಗದ ಪಕ್ಕದಲ್ಲೇ ಕೋಲು, ಮಡಕೆ, ಕಲ್ಲು, ಉಸಿರಿನ ಸದ್ದುಗಳನ್ನೂ ಸಂಗೀತವಾಗಿಸಿದರು. ಒಬ್ಬ ನಾಯಕನಟನ ಕಂಠದಲ್ಲಿದ್ದ ಹಾಡನ್ನು ಮೇಳದ ಕೈಗೆ ಕೊಟ್ಟರು. ‘ಸತ್ತವರ ನೆರಳು’, ‘ಹಯವದನ’, ಪು.ತಿ.ನ. ಅವರ ‘ಗೋಕುಲ ನಿರ್ಗಮನ’ ನೋಡಿದವರಿಗೆ ಗೊತ್ತು, ಖಾಲಿ ರಂಗದ ಮೇಲೆ ಹತ್ತು ಮಂದಿ ಹಾಡುತ್ತ ಸುತ್ತಿದರೆ ಅದೇ ಅದ್ದೂರಿ. ವೈಭವಕ್ಕೆ ಸಾಮಗ್ರಿ ಅನಿವಾರ್ಯವಲ್ಲ ಎಂದು ಕನ್ನಡ ಪ್ರೇಕ್ಷಕರಿಗೆ ಮನಗಾಣಿಸಿದ್ದು ಅವರ ದೊಡ್ಡ ಕೊಡುಗೆ. 1989ರಲ್ಲಿ ಮೈಸೂರಿನಲ್ಲಿ ಶುರುವಾದ ರಂಗಾಯಣಕ್ಕೆ ಅವರೇ ಮೊದಲ ನಿರ್ದೇಶಕರಾದರು.

ಇರುಳಿಡೀ ನಾಟಕಗಳು

2010ರಲ್ಲಿ ಅದೇ ರಂಗಾಯಣದ ಆವರಣದಲ್ಲಿ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಒಂಬತ್ತು ಗಂಟೆಯ ನಾಟಕವಾಗಿ ಎದ್ದಿತು. ರಂಗರೂಪ ಕೆ.ವೈ. ನಾರಾಯಣಸ್ವಾಮಿ ಅವರದು, ನಿರ್ದೇಶನ ಸಿ. ಬಸವಲಿಂಗಯ್ಯ ಅವರದು, ಸಂಗೀತ ಹಂಸಲೇಖ ಅವರದು. ರಾತ್ರಿ ಶುರುವಾದ ಆಟ ನಾಲ್ಕು ರಂಗಗಳ ಮೇಲೆ ಸಾಗಿ ಬೆಳಗಿನ ಜಾವ ಮುಗಿಯುತ್ತಿತ್ತು. ಪ್ರೇಕ್ಷಕರೇ ಚಾಪೆ, ಕಂಬಳಿ ಹಿಡಿದು ಒಂದು ರಂಗದಿಂದ ಇನ್ನೊಂದಕ್ಕೆ ನಡೆದರು. ಪಡದೆಯ ಕಾಡು ಹೋಗಿ ನಿಜವಾದ ಮರ, ಇಬ್ಬನಿ, ಕತ್ತಲೆ ರಂಗಸಜ್ಜಿಕೆಯಾದವು. ಅಷ್ಟು ಉದ್ದದ ಕಾದಂಬರಿಯ ಅಷ್ಟೊಂದು ಪಾತ್ರಗಳನ್ನು ಪ್ರೇಕ್ಷಕರ ಮನಸ್ಸಿನಲ್ಲಿ ಬೆಸೆದಿಟ್ಟದ್ದು ಹಾಡು. ಮುಂದೆ ಬೆಂಗಳೂರಿನ ಕಲಾಗ್ರಾಮದಲ್ಲೂ ಅದು ಜನಸಾಗರವನ್ನೇ ಸೆಳೆಯಿತು.

2021ರಲ್ಲಿ ಪ್ರಕಾಶ್ ಬೆಳವಾಡಿ ಅವರ ನಿರ್ದೇಶನದಲ್ಲಿ ರಂಗಾಯಣ ಎಸ್.ಎಲ್. ಭೈರಪ್ಪನವರ ‘ಪರ್ವ’ವನ್ನು ಸುಮಾರು ಎಂಟು ಗಂಟೆಗಳ ನಾಟಕವಾಗಿಸಿತು. ಮಹಾಭಾರತದಿಂದ ಪವಾಡಗಳನ್ನೆಲ್ಲ ತೆಗೆದು ಮನುಷ್ಯರನ್ನು ಮಾತ್ರ ಉಳಿಸಿದ ಕಾದಂಬರಿ ಅದು. ಗುಬ್ಬಿಯ ‘ಕುರುಕ್ಷೇತ್ರ’ದ ಪಕ್ಕದಲ್ಲಿಟ್ಟು ನೋಡಿದರೆ, ಒಂದೇ ಯುದ್ಧ ಎರಡು ಕಾಲದ ಪ್ರೇಕ್ಷಕರಿಗೆ ಎಷ್ಟು ಬೇರೆಯಾಗಿ ದೊಡ್ಡದಾಯಿತು ಎಂಬುದು ಕಾಣುತ್ತದೆ.

ಈ ಹೆಸರಾಂತ ಪ್ರಯೋಗಗಳಷ್ಟೇ ಮುಖ್ಯವಾದ ಇನ್ನೊಂದು ರಂಗಭೂಮಿ ಪತ್ರಿಕೆಗಳ ಕಣ್ಣಿಗೆ ಬೀಳುವುದೇ ಕಡಿಮೆ. ಮಂಡ್ಯ, ತುಮಕೂರು, ಹಾಸನ, ರಾಮನಗರದ ಹಳ್ಳಿಗಳಲ್ಲಿ ರೈತರು, ಮೇಷ್ಟ್ರುಗಳು, ಡ್ರೈವರುಗಳು ತಿಂಗಳುಗಟ್ಟಲೆ ರಾತ್ರಿ ಅಭ್ಯಾಸ ಮಾಡಿ ‘ಕುರುಕ್ಷೇತ್ರ’ ಆಡುತ್ತಾರೆ. ಕೃಷ್ಣನಿಗೆ ಇಷ್ಟು, ದುರ್ಯೋಧನನಿಗೆ ಇಷ್ಟು ಎಂದು ತಮ್ಮ ಪಾತ್ರಕ್ಕೆ ತಾವೇ ದುಡ್ಡು ಹಾಕುತ್ತಾರೆ. ಸೀನರಿ ಬಾಡಿಗೆಗೆ ಬರುತ್ತದೆ, ಸ್ತ್ರೀಪಾತ್ರಕ್ಕೆ ವೃತ್ತಿ ಕಲಾವಿದೆಯರು ಬರುತ್ತಾರೆ, ಇಡೀ ಪ್ರದರ್ಶನವನ್ನು ಹಾರ್ಮೋನಿಯಂ ಮೇಷ್ಟ್ರು ನಡೆಸುತ್ತಾರೆ. ಹೊಲದಲ್ಲಿ ದುಡಿದ ಮನುಷ್ಯ ಕಿರೀಟ ತೊಟ್ಟು ತಾರಕದಲ್ಲಿ ಪದ್ಯ ಎತ್ತಿದಾಗ ಊರಿಗೆ ಊರೇ ಎದ್ದು ಹಾರ ಹಾಕುತ್ತದೆ. ಗುಬ್ಬಿಯ ಪರಂಪರೆಯ ನಿಜವಾದ ವಾರಸುದಾರರು ಇವರು.

ಈಗ ಬೇಕಾದದ್ದು

ಇವತ್ತಿನ ದೊಡ್ಡ ನಾಟಕಗಳಿಗೆ ಬೆಳಕಿನ, ಧ್ವನಿಯ ಸೌಲಭ್ಯಕ್ಕೆ ಕೊರತೆಯಿಲ್ಲ. ಕೊರತೆ ಇರುವುದು ಮೇಳಕ್ಕೆ. ಖರ್ಚು ಉಳಿಸಲು ಎಷ್ಟೋ ತಂಡಗಳು ಮೊದಲೇ ಮುದ್ರಿಸಿದ ಹಾಡಿಗೆ ನಟರನ್ನು ಕುಣಿಸುತ್ತಿವೆ. ಮುದ್ರಿತ ಹಾಡು ನಟನ ಉಸಿರಿಗಾಗಿ ಕಾಯುವುದಿಲ್ಲ, ಸಭೆಯ ‘ವನ್ಸ್ ಮೋರ್’ಗೆ ಓಗೊಡುವುದಿಲ್ಲ. ಅಲ್ಲಿಗೆ ನಾಟಕ ಸಿನಿಮಾದ ಬಡ ನಕಲಾಗುತ್ತದೆ.

ಆರ್. ಪರಮಶಿವನ್ ಅವರಂಥ ರಂಗಸಂಗೀತಗಾರರು ಕಂಪನಿ ಕಾಲದ ಹಾಡುಗಳನ್ನು ಹೊಸ ತಲೆಮಾರಿಗೆ ಕಲಿಸಿ ಹೋದರು. ಆ ಕೆಲಸ ಒಬ್ಬಿಬ್ಬರ ಶ್ರದ್ಧೆಯ ಮೇಲೆ ನಿಲ್ಲಬಾರದು. ಉಳಿದಿರುವ ಹಾರ್ಮೋನಿಯಂ ಮೇಷ್ಟ್ರುಗಳ ಕೈಕೆಳಗೆ ಕಲಿಯುವವರಿಗೆ ವೇತನ ಬೇಕು. ಮಟ್ಟುಗಳಿಗೆ ಸ್ವರಪ್ರಸ್ತಾರ ಬೇಕು. ರಂಗಶಿಕ್ಷಣ ಕೇಂದ್ರಗಳಲ್ಲಿ ಹಾಡುವ ನಟನನ್ನು ಬೆಳೆಸುವ ಪಾಠ ಬೇಕು. ಅದ್ದೂರಿ ನಾಟಕಕ್ಕೆ ಹಣ ಕೊಡುವ ಸರ್ಕಾರವಾಗಲಿ ಪ್ರಾಯೋಜಕರಾಗಲಿ ಮೊದಲು ಎದುರು ಕೂತು ನುಡಿಸುವ ಮೇಳದ ಸಂಬಳವನ್ನು ಲೆಕ್ಕಕ್ಕೆ ಹಿಡಿಯಲಿ. ಸೆಟ್ಟು, ಲೈಟುಗಳ ಲೆಕ್ಕ ಆಮೇಲೆ ಬರಲಿ. ಪ್ರೇಕ್ಷಕರಾದ ನಮ್ಮ ಪಾಲಿನ ಕೆಲಸವೂ ಇದೆ: ಟಿಕೆಟು ಕೊಳ್ಳುವ ಮುಂಚೆ ಹಾಡು ರಂಗದ ಮೇಲೆಯೇ ಹುಟ್ಟುತ್ತದೆಯೇ ಎಂದು ಕೇಳುವುದು, ಹೌದೆಂದರೆ ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗುವುದು.